ಒಂದು ಈಡು, ಆಮೇಲೆ ಕತ್ತಿ: ಚಕಮಕಿ ಕೋವಿ ಕಾಲದ ಫ್ಯಾಂಟಸಿ ಲೋಕ ಕಟ್ಟುವ ಬಗೆ

ನಮ್ಮ ಭಾನುವಾರದ ಆಟದ ಗುಂಪಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಎರಡು ವರ್ಷ ಅವನದು ಒಂದೇ ರಾಗ: "ಗುರು, ನನ್ನ ಪಾತ್ರಕ್ಕೊಂದು ಬಂದೂಕು ಕೊಡಪ್ಪ." ಕೊನೆಗೆ ಕೊಟ್ಟೆ. ನಾವು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಟದ ಐದನೇ ಆವೃತ್ತಿಯಲ್ಲಿ ಮಸ್ಕೆಟ್‌ಗೆ, ಅಂದರೆ ಉದ್ದ ನಳಿಗೆಯ ಹಳೇ ಕೋವಿಗೆ, ನಿಯಮ ಇದ್ದೇ ಇದೆ. ಏಟಿಗೆ 1ಡಿ12 (ಹನ್ನೆರಡು ಮುಖದ ಒಂದು ದಾಳದಲ್ಲಿ ಬಿದ್ದಷ್ಟು ಪೆಟ್ಟು), ದೂರ 40 ಅಡಿ, ಅದಕ್ಕೂ ಆಚೆ 120 ಅಡಿವರೆಗೆ ತಿಣುಕಿ ಹೊಡೆಯಬಹುದು. ಮೂರು ವಾರ ಆಡಿದೆವು. ಆಮೇಲೆ ಗೊತ್ತಾಯಿತು, ನಾನು ಅವನಿಗೆ ಕೊಟ್ಟದ್ದು ಢಂ ಅನ್ನುವ ಒಂದು ಬಿಲ್ಲು ಅಷ್ಟೇ. ಅವನು ಪ್ರತಿ ಸುತ್ತಿನಲ್ಲೂ ಹೊಡೆಯುತ್ತಿದ್ದ, ದಾಳ ಉರುಳುತ್ತಿತ್ತು, ರಾಕ್ಷಸ ಬೀಳುತ್ತಿತ್ತು. ಲೋಕದಲ್ಲಿ ಬಂದೂಕು ಬಂದಿದ್ದಕ್ಕೆ ಏನೂ ಬದಲಾಗಿರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ಹಿಡಿದು ಕತೆ ನಡೆಸುತ್ತಾರೆ. ಲೋಕ ಕಟ್ಟಿ, ಉಳಿದವರನ್ನೆಲ್ಲ ಆಡಿಸುವವನು ಡಿಎಂ, ಅಂದರೆ ಡಂಜನ್ ಮಾಸ್ಟರ್. ಗೆದ್ದೆಯಾ ಸೋತೆಯಾ ಅನ್ನುವುದನ್ನು ದಾಳ ಹೇಳುತ್ತದೆ. ಅಷ್ಟೇ. ಸಾಮಾನ್ಯವಾಗಿ ಲೋಕ ಅಂದರೆ ಕತ್ತಿ, ಗುರಾಣಿ, ಮಂತ್ರವಾದಿ, ಗುಹೆ. ಅದನ್ನು ಒಂದೆರಡು ಶತಮಾನ ಮುಂದಕ್ಕೆ ತಳ್ಳಿ 1700ರ ಸುಮಾರಿಗೆ ತಂದು ನಿಲ್ಲಿಸಿದರೆ ಸಿಗುವುದೇ ಈ ಚಕಮಕಿ ಕೋವಿಯ ಫ್ಯಾಂಟಸಿ. ಹೊರಗಿನವರು ಇದಕ್ಕೆ ಯುರೋಪಿನ ಬಂದರು, ಕಡಲ್ಗಳ್ಳರು, ಮೂರು ಮೂಲೆ ಟೋಪಿ ತರುತ್ತಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣಲಿಲ್ಲ. ಅದೇ ಕಾಲದ ಶ್ರೀರಂಗಪಟ್ಟಣ, ಚಿತ್ರದುರ್ಗ, ಬಿದನೂರು ನಮ್ಮ ಕಾಲಬುಡದಲ್ಲೇ ಇವೆ, ಅಲ್ವಾ?

ಮೊದಲು ಕೋವಿಯೊಳಗೆ ಏನಾಗುತ್ತದೆ ನೋಡೋಣ. ಅದು ಗೊತ್ತಿಲ್ಲದೆ ನಿಯಮ ಬರೆದರೆ ನನ್ನ ಮೊದಲ ಪ್ರಯತ್ನದ ಗತಿಯೇ. ಇದಕ್ಕೂ ಹಿಂದಿನದು ಬತ್ತಿ ಕೋವಿ. ಉರಿಯುವ ಹಗ್ಗದ ತುದಿಯನ್ನು ಮದ್ದಿಗೆ ಮುಟ್ಟಿಸಬೇಕು. ಇರುಳಲ್ಲಿ ಹೊಂಚು ಹಾಕಿ ಕೂತರೆ ಹಗ್ಗದ ಕೆಂಡವೇ ನಿಮ್ಮನ್ನು ಹಿಡಿದುಕೊಡುತ್ತದೆ. ಚಕಮಕಿ ಕೋವಿಯಲ್ಲಿ ಆ ಹಗ್ಗ ಹೋಯಿತು. ಅದರ ಬದಲು ಒಂದು ಕೊಕ್ಕೆಯಲ್ಲಿ ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. ಈ ಕೊಕ್ಕೆಗೇ ನಮ್ಮಲ್ಲಿ ಕುದುರೆ ಅನ್ನುವುದು. ಕುದುರೆ ಬಿದ್ದಾಗ ಕಲ್ಲು ಉಕ್ಕಿನ ಪಟ್ಟಿಯನ್ನು ಉಜ್ಜುತ್ತದೆ, ಪಟ್ಟಿ ಮುಂದಕ್ಕೆ ಸರಿಯುತ್ತದೆ, ಕಿಡಿ ಕೆಳಗಿನ ಪುಟ್ಟ ಬಟ್ಟಲಿಗೆ ಬೀಳುತ್ತದೆ, ಬಟ್ಟಲಿನ ಚಿಟಿಕೆ ಮದ್ದು ಭಗ್ಗನೆ ಉರಿದು ಆ ಉರಿ ಒಂದು ಸೂಜಿಗಣ್ಣಿನಂಥ ತೂತಿನಿಂದ ನಳಿಗೆಯೊಳಗಿನ ದೊಡ್ಡ ಮದ್ದಿಗೆ ತಾಗುತ್ತದೆ. ಆಗ ಢಂ. ಇಷ್ಟರಲ್ಲಿ ಎಲ್ಲಿ ಬೇಕಾದರೂ ಕೈಕೊಡಬಹುದು. ಕಲ್ಲು ಸವೆದಿರಬಹುದು, ಬಟ್ಟಲಿನ ಮದ್ದು ತೇವ ಹಿಡಿದಿರಬಹುದು, ತೂತು ಮಸಿಯಿಂದ ಮುಚ್ಚಿರಬಹುದು. ಬಟ್ಟಲು ಮಾತ್ರ ಉರಿದು ಗುಂಡು ಹಾರದೆ ಉಳಿಯುವುದು ಮಾಮೂಲಿ ಸಂಗತಿ.

ನಮ್ಮ ಮಲೆನಾಡಿನ ಮನೆಗಳಲ್ಲಿ ನೋಡಿರುವ ಕೇಪಿನ ಕೋವಿ ಇದರ ಮುಂದಿನ ತಲೆಮಾರು. ಅದರಲ್ಲಿ ಕಲ್ಲಿನ ಜಾಗಕ್ಕೆ ಕೇಪು, ಅಂದರೆ ಬಡಿದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿ, ಬಂತು. ಮದ್ದು ಸುರಿದು, ಗುಂಡು ಹಾಕಿ, ಕಡ್ಡಿಯಿಂದ ಜಡಿಯುವ ಕೆಲಸ ಮಾತ್ರ ಹಾಗೇ ಉಳಿಯಿತು. ಅಜ್ಜನ ಮನೆಯಲ್ಲಿ ಒಂದು ಈಡು ತುಂಬುವುದನ್ನು ನೋಡುತ್ತಾ ಕೂತರೆ ಒಂದು ಎಲೆ ಅಡಿಕೆ ಹಾಕಿ ಮುಗಿಸಬಹುದಿತ್ತು. ಪಳಗಿದ ಸೈನಿಕ ಮಾತ್ರ ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ಅಂದರೆ ಈಡಿಗೆ 20 ಸೆಕೆಂಡು. ಡಿ ಅಂಡ್ ಡಿಯಲ್ಲಿ ಒಂದು ಸುತ್ತು 6 ಸೆಕೆಂಡು. ಲೆಕ್ಕ ಹಾಕಿ: ಎಷ್ಟೇ ಪಳಗಿದವನಿಗೂ ಸುಮಾರು ಮೂರು ಸುತ್ತಿಗೆ ಒಂದೇ ಈಡು. ಪುಸ್ತಕದ ನಿಯಮ ಸುತ್ತಿಗೊಂದು ಕೊಡುತ್ತದೆ.

ಇನ್ನೊಂದು ಲೆಕ್ಕ ನೋಡಿ. 1ಡಿ12ರ ಸರಾಸರಿ ಆರೂವರೆ. ಪುಸ್ತಕದ ಸಾಮಾನ್ಯ ಕಾವಲುಗಾರನ ಜೀವ 11, ಅಷ್ಟು ಪೆಟ್ಟು ಬಿದ್ದರೆ ಮಾತ್ರ ಅವನು ಬೀಳುತ್ತಾನೆ. ಅಂದರೆ ಎದೆಗೆ ಗುಂಡು ಬಿದ್ದರೂ ಕಾವಲುಗಾರ ಎದ್ದು ನಿಂತು ಬೈಯುತ್ತಾನೆ. ಹೀಗಾದರೆ ಬಂದೂಕು ತೋರಿಸಿದರೆ ಯಾರು ಹೆದರುತ್ತಾರೆ? ಅದಕ್ಕೇ ನಾನು ಎರಡನ್ನೂ ಒಟ್ಟಿಗೆ ಬದಲಾಯಿಸಿದೆ. ತುಂಬುವುದಕ್ಕೆ ಮೂರು ಸುತ್ತು, ಏಟಿಗೆ 2ಡಿ12. ಸರಾಸರಿ 13, ಕಾವಲುಗಾರ ಬಿದ್ದ. ಕಾದಾಟ ಶುರುವಾಗುವಾಗ ಎಲ್ಲರ ಕೈಯಲ್ಲೂ ತುಂಬಿದ ಕೋವಿ, ಒಂದು ದೊಡ್ಡ ಏಟು, ಆಮೇಲೆ ಹೊಗೆ, ಆಮೇಲೆ ಕತ್ತಿ. ಆ ಒಂದು ಈಡನ್ನು ಯಾರ ಮೇಲೆ, ಯಾವಾಗ ಖರ್ಚು ಮಾಡುವುದು ಅನ್ನುವ ಚಡಪಡಿಕೆ ಇದೆಯಲ್ಲ, ಈ ಬಗೆಯ ಆಟದ ರುಚಿಯೆಲ್ಲ ಇರುವುದು ಅದರಲ್ಲೇ.

ಹೊಗೆಯನ್ನು ಮರೆಯಬೇಡಿ. ಆ ಕಾಲದ ಮದ್ದು ಸುಟ್ಟರೆ ದಟ್ಟ ಬಿಳಿ ಹೊಗೆ. ಬಯಲಲ್ಲಾದರೆ ಗಾಳಿ ಒಯ್ಯುತ್ತದೆ. ಗುಹೆಯೊಳಗೆ ನಾಲ್ಕು ಜನ ಒಟ್ಟಿಗೆ ಹೊಡೆದರೆ ಮುಂದಿನ ಎರಡು ಸುತ್ತು ಯಾರಿಗೂ ಯಾರೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಅಂದ ಹಾಗೆ ನಮ್ಮ ಗೆಳೆಯ ಹೊಸ ನಿಯಮ ಓದಿದ ತಕ್ಷಣ ನಾಲ್ಕು ಪಿಸ್ತೂಲು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಸರಿ, ಚರಿತ್ರೆಯಲ್ಲೂ ಹಾಗೆ ಮಾಡಿದವರಿದ್ದಾರೆ, ತಪ್ಪೇನಿಲ್ಲ. ಆದರೆ ತುಂಬಿಟ್ಟ ಪಿಸ್ತೂಲು ಹೊತ್ತು ಕಾಡಲ್ಲಿ ಅಲೆದರೆ ಬಟ್ಟಲಿನ ಮದ್ದು ಉದುರುತ್ತದೆ, ರಾತ್ರಿಯ ಇಬ್ಬನಿಗೆ ಥಂಡಿ ಹಿಡಿಯುತ್ತದೆ. ಪ್ರತಿ ಬೆಳಿಗ್ಗೆ ನಾಲ್ಕಕ್ಕೂ ಹೊಸ ಮದ್ದು ಹಾಕಬೇಕು. ಮರೆತರೆ ದಾಳ ನೆನಪಿಸುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕನ್ನಡದಲ್ಲಿ ಮದ್ದು ಅಂದರೆ ಏನು? ಜ್ವರ ಬಂದಾಗ ಅಜ್ಜಿ ಕುಡಿಸುವುದೂ ಮದ್ದೇ. ಕೋವಿಗೆ ತುಂಬುವುದೂ ಮದ್ದೇ. ಯಾರೋ ಊಟದಲ್ಲಿ ಏನೋ ಬೆರೆಸಿ ಮನಸ್ಸು ತಿರುಗಿಸಿದರು ಅನ್ನುವಾಗಲೂ "ಅವಳಿಗೆ ಮದ್ದು ಹಾಕಿದ್ದಾರೆ" ಅಂತಲೇ ಹೇಳುತ್ತೇವೆ. ಔಷಧಿ, ಸಿಡಿಮದ್ದು, ಮಾಟ, ಮೂರಕ್ಕೂ ಒಂದೇ ಮಾತು! ಫ್ಯಾಂಟಸಿ ಲೋಕ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾ? ನನ್ನ ಲೋಕದಲ್ಲಿ ಈ ಮೂರನ್ನೂ ಮಾಡುವವರು ಒಂದೇ ಜನ, ಹೆಸರು ಮದ್ದುಕಾರರು. ಗಾಯ ಮಾಯಿಸುವ ಕಷಾಯವೂ ಕೋವಿ ಮದ್ದೂ ಒಂದೇ ಒಲೆಯಿಂದ ಬರುತ್ತವೆ. ಇದು ಪೂರ್ತಿ ಕಟ್ಟುಕತೆಯೂ ಅಲ್ಲ. ಕೋವಿ ಮದ್ದಿಗೆ ಬೇಕಾಗುವ ಮೂರರಲ್ಲಿ ಗಂಧಕವನ್ನು ಕಜ್ಜಿಗೂ ಹಚ್ಚುತ್ತಾರೆ. ಈಗ ಯಾವನೋ ಅರಸ "ನನ್ನ ಅಪ್ಪಣೆ ಇಲ್ಲದೆ ಯಾರೂ ಮದ್ದು ಅರೆಯುವಂತಿಲ್ಲ" ಅಂತ ಡಂಗುರ ಸಾರಿಸಿದ ಅಂತಿಟ್ಟುಕೊಳ್ಳಿ. ಬಂಡಾಯಗಾರರ ಕೋವಿ ಸುಮ್ಮನಾಗುತ್ತದೆ ನಿಜ, ಜೊತೆಗೆ ಹಳ್ಳಿಯ ಬಾಣಂತಿಗೂ ಔಷಧಿ ಸಿಗುವುದಿಲ್ಲ. ಕತೆ ತಾನಾಗಿ ಹುಟ್ಟಿತು. ನಾನು ಇನ್ನೇನೂ ಸೇರಿಸಬೇಕಾಗಲಿಲ್ಲ.

ಗಂಧಕ ಒಂದಾಯಿತು, ಇದ್ದಿಲು ಇನ್ನೊಂದು. ಮೂರನೆಯದು ಪೆಟ್ಲುಪ್ಪು, ತೂಕದಲ್ಲಿ ಮುಕ್ಕಾಲು ಪಾಲು ಅದೇ. ಪೆಟ್ಲುಪ್ಪು ಸಿಗುವುದು ದನದ ಗಂಜಲ, ಸಗಣಿ ಇಂಗಿದ ಹಳೇ ಮಣ್ಣಿನಲ್ಲಿ. ಅಂಥ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿ ಹರಳು ತೆಗೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ ಬಿಹಾರದಿಂದ ಹಡಗುಗಟ್ಟಲೆ ಸಾಗಿಸಿದ್ದು ಇದನ್ನೇ. ಹಾಗಾಗಿ ಲೋಕ ಕಟ್ಟುವಾಗ ಮೊದಲ ನಕ್ಷೆಯಲ್ಲಿ ಅರಮನೆ ಎಲ್ಲಿದೆ ಅಂತ ಗುರುತು ಹಾಕುವ ಮೊದಲು ಪೆಟ್ಲುಪ್ಪಿನ ಮಣ್ಣು ಎಲ್ಲಿದೆ, ಗಂಧಕ ಯಾವ ಬಂದರಿಗೆ ಬಂದು ಇಳಿಯುತ್ತದೆ, ಅದು ಘಟ್ಟ ಹತ್ತುವ ದಾರಿ ಯಾರ ಕೈಯಲ್ಲಿದೆ ಅನ್ನುವ ಮೂರು ಗುರುತು ಹಾಕಿ. ಯಾರಿಗೆ ಯಾರ ಮೇಲೆ ಹಗೆ ಅನ್ನುವುದು ಅರ್ಧ ಅಲ್ಲೇ ಇತ್ಯರ್ಥ.

ಉಳಿದರ್ಧ ಎತ್ತುಗಳ ಮೇಲೆ. ನಗಬೇಡಿ. ಫಿರಂಗಿ ತಾನಾಗಿ ನಡೆಯುವುದಿಲ್ಲ. ಮೈಸೂರಿನ ಅರಸರು ಬೆಣ್ಣೆ ಚಾವಡಿ ಅಂತ ಸಾಕಿದ ದನಗಳ ಮಂದೆಯೇ ಆಮೇಲೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಅನಿಸಿಕೊಂಡಿತು. ಫಿರಂಗಿ ಎಳೆದು ವೇಗವಾಗಿ ನಡೆಯುವುದಕ್ಕೆ ಆ ತಳಿ ಹೆಸರುವಾಸಿ. ಎದುರು ಪಕ್ಷದ ಕತೆ ಕೇಳಿ. 1791ರ ಮೇ ತಿಂಗಳು ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲಿಗೇ ಬಂದಿದ್ದ. ಹೊರಗಿನ ಕಾಳಗ ಗೆದ್ದೂ ಇದ್ದ. ಆದರೆ ಮಳೆ ಶುರುವಾಗಿತ್ತು, ಎತ್ತುಗಳು ಸಾಲು ಸಾಲಾಗಿ ಸತ್ತಿದ್ದವು, ದಂಡಿಗೆ ಅಕ್ಕಿ ಇರಲಿಲ್ಲ. ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಹಾಳುಮಾಡಿ ಬೆಂಗಳೂರಿನ ಕಡೆ ತಿರುಗಿದ. ವಾಪಸು ಹೊರಟ ದಾರಿಯಲ್ಲೇ ದಿನಸಿ ಹೊತ್ತ, ಅವನದೇ ಪಕ್ಷದ ಮರಾಠರ ದಂಡು ಎದುರಾಯಿತು! ಕೆಲವು ದಿನ ಮೊದಲು ಬಂದಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವೋ ಏನೋ. ನಿಮ್ಮ ಆಟಗಾರರಿಗೆ "ರಾಕ್ಷಸನನ್ನು ಕೊಲ್ಲಿ" ಅಂತ ಕೆಲಸ ಕೊಡುವ ಬದಲು "ಲಂಬಾಣಿಗರ ಅಕ್ಕಿ ಹೇರಿನ ಎತ್ತುಗಳನ್ನು ನಾಲ್ಕು ದಿನ ತಡ ಮಾಡಿಸಿ" ಅಂತ ಕೊಟ್ಟು ನೋಡಿ. ಒಂದೂ ಗುಂಡು ಹಾರಿಸದೆ ಒಂದು ಯುದ್ಧ ಗೆಲ್ಲಬಹುದು.

ಮಳೆ ಅಂದೆನಲ್ಲ, ಅದಕ್ಕೊಂದು ನಿಯಮ ಬೇಕೇ ಬೇಕು. ಹೊರಗಿನ ಲೋಕಗಳಲ್ಲಿ ಮಳೆ ಅಂದರೆ ಬರೀ ಮೂಡು, ನಮ್ಮಲ್ಲಿ ಅದು ಅರ್ಧ ವರ್ಷ. ನಾನು ಸೀದಾ ಮಳೆ ನಕ್ಷತ್ರಗಳನ್ನೇ ತಂದೆ, ಹೇಗೂ ಹದಿಮೂರು ಹದಿನಾಲ್ಕು ದಿನಕ್ಕೊಂದು ಬದಲಾಗುತ್ತವೆ, ಆಟದ ಪಂಚಾಂಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಣ ದಿನದಲ್ಲಿ ಇಪ್ಪತ್ತು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಮಾತ್ರ ಕೋವಿ ಕೈಕೊಡುತ್ತದೆ. ಆರಿದ್ರಾ ಹೊಕ್ಕಿತೋ, 4ರವರೆಗೆ. ಪುನರ್ವಸು, ಪುಷ್ಯದಲ್ಲಿ ಘಟ್ಟದ ಮೇಲೆ ಬಯಲಲ್ಲಿ ನಿಂತು ಹೊಡೆಯುವುದು ಸಾಧ್ಯವೇ ಇಲ್ಲ. ಕುದುರೆ ಮತ್ತು ಬಟ್ಟಲು ಮುಚ್ಚುವ ಹಾಗೆ ಎಣ್ಣೆ ಸವರಿದ ಚರ್ಮ ಕಟ್ಟಿದ್ದರೆ ಒಂದು ಪ್ರಯತ್ನ ಮಾಡಬಹುದು, 8ರವರೆಗೆ ಫೇಲು. (ಚರ್ಮದ ಹೊದಿಕೆ ನನ್ನ ಕಲ್ಪನೆ ಅಲ್ಲ, ಆ ಕಾಲದ ಸೈನಿಕರು ಕಟ್ಟುತ್ತಿದ್ದರು.) ಹಸ್ತ, ಚಿತ್ತ ಬರುವ ಹೊತ್ತಿಗೆ ಹವೆ ತಿಳಿಯಾಗುತ್ತದೆ, ಆಯುಧಪೂಜೆ ಬರುತ್ತದೆ, ದಂಡು ಹೊರಡುತ್ತದೆ. ಮಹಾನವಮಿ ಮುಗಿಸಿ ದಂಡಯಾತ್ರೆಗೆ ಹೊರಡುವುದು ನಮ್ಮ ಅರಸರ ಹಳೇ ಪದ್ಧತಿ. ಆ ಹಬ್ಬದ ಹಿಂದೆ ಇಂಥ ಸರಳ ಲೆಕ್ಕವೂ ಇದೆ ಅಂತ ನಿಯಮ ಬರೆಯುವಾಗ ನನಗೆ ಹೊಳೆಯಿತು.

ಇದರಿಂದ ಒಂದು ಮಜಾ ಆಯಿತು. ಮಳೆಗಾಲದಲ್ಲಿ ನನ್ನ ಲೋಕ ಹಳೇ ಫ್ಯಾಂಟಸಿಗೆ ಮರಳುತ್ತದೆ. ಬಿಲ್ಲು, ಕತ್ತಿ, ಕಾಡಿನ ಜನ, ಹಳೇ ಮಂತ್ರ. ಬೇಸಿಗೆಯಲ್ಲಿ ಫಿರಂಗಿ ಇದ್ದವನದೇ ರಾಜ್ಯ. ಬಯಲುಸೀಮೆಯ ಅರಸ ಮಲೆನಾಡನ್ನು ಚಳಿಗಾಲದಲ್ಲಿ ಗೆಲ್ಲುತ್ತಾನೆ, ಪುಷ್ಯದಲ್ಲಿ ಕಳಕೊಳ್ಳುತ್ತಾನೆ. ಪ್ರತಿ ವರ್ಷ.

ಮಂತ್ರ ಇರುವ ಲೋಕದಲ್ಲಿ ಕೋವಿ ಯಾಕೆ ಬೇಕು ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಬೆಂಕಿಯುಂಡೆ ಎಸೆಯುವ ಫೈರ್‌ಬಾಲ್ ಮಂತ್ರ ಎಂಟು ದಾಳದ ಏಟು, ಅದು ಬಿದ್ದ ಕಡೆಯಿಂದ ಸುತ್ತಲೂ 20 ಅಡಿಯೊಳಗಿದ್ದವರೆಲ್ಲ ಸುಟ್ಟು ಕರಕಲು. ಅದರ ಮುಂದೆ ಕೋವಿ ಏನು ಮಹಾ? ಉತ್ತರ ದಾಳದಲ್ಲಿಲ್ಲ, ಕಲಿಕೆಯಲ್ಲಿದೆ. ಫೈರ್‌ಬಾಲ್ ಎಸೆಯುವ ಮಂತ್ರವಾದಿ ತಯಾರಾಗಲು ಅರ್ಧ ಆಯುಷ್ಯ ಬೇಕು, ಒಳ್ಳೆ ಬಿಲ್ಲುಗಾರನಿಗೂ ವರ್ಷಗಳು ಬೇಕು. ಉಳುವವನನ್ನು ಹಿಡಿದು ತಂದು ಕೋವಿ ತುಂಬಿ ಸಾಲಲ್ಲಿ ನಿಂತು ಹೊಡೆಯುವುದನ್ನು ಕಲಿಸಲು ಕೆಲವು ವಾರ ಸಾಕು. ನಳಿಗೆ ನುಣುಪು, ಗುಂಡು ಸ್ವಲ್ಪ ಸಡಿಲ, ಹಾಗಾಗಿ ಗುರಿ ಅಷ್ಟಕ್ಕಷ್ಟೇ. ಅದಕ್ಕೇ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ ಒಟ್ಟಿಗೆ ಹೊಡೆಸುತ್ತಿದ್ದರು. ಪುಸ್ತಕದಲ್ಲಿ ಮಸ್ಕೆಟ್ ಬೆಲೆ 500 ಚಿನ್ನದ ನಾಣ್ಯ, ಕತ್ತಿಗೆ 15. ಈ ಬೆಲೆಯಲ್ಲಿ ಯಾವ ಪಾಳೆಗಾರ ದಂಡು ಕಟ್ಟುತ್ತಾನೆ? ಕೋವಿ ಅಗ್ಗ ಮಾಡಿ, ಮದ್ದು ತುಟ್ಟಿ ಮಾಡಿ. ಆಗ ಕೋವಿ ಪ್ರತಿ ಹಟ್ಟಿಯಲ್ಲೂ ಇರುತ್ತದೆ, ಮದ್ದಿನ ಬೀಗದ ಕೈ ಮಾತ್ರ ಒಬ್ಬನ ಹತ್ತಿರ. ಇತ್ತ ಮಂತ್ರವಾದಿಗಳ ಮಠಗಳು ದಂಡಿಗೆ ಬೇಡವಾಗಿವೆ, ಉಂಬಳಿ ನಿಂತಿದೆ, ಹೊಟ್ಟೆಕಿಚ್ಚು ಹತ್ತಿದೆ. ಒಳ್ಳೆ ಖಳರು ಬೇಕಿದ್ದರೆ ಅಲ್ಲಿ ಹುಡುಕಿ.

ಬೆಂಕಿಯ ಮಂತ್ರ ಮದ್ದಿನ ಹತ್ತಿರ ಬಂದರೆ ಏನಾಗುತ್ತದೆ? ಡಿ ಅಂಡ್ ಡಿಯ ಫೈರ್ ಬೋಲ್ಟ್ ಮಂತ್ರದಲ್ಲಿ ಒಂದು ಸಣ್ಣ ಷರತ್ತಿದೆ, ಮೈಮೇಲಿರುವ ಅಥವಾ ಕೈಯಲ್ಲಿ ಹಿಡಿದ ವಸ್ತುವಿಗೆ ಅದು ಬೆಂಕಿ ಹಚ್ಚುವುದಿಲ್ಲ. ಹಾಗಾಗಿ ಸೊಂಟದ ಮದ್ದಿನ ಕೊಂಬು ಬಚಾವ್. ಗಾಡಿಯಲ್ಲಿಟ್ಟ ಪೀಪಾಯಿ ಬಚಾವಾಗುವುದಿಲ್ಲ. ಪೀಪಾಯಿ ಸಿಡಿದರೆ 7ಡಿ6, ಪುಸ್ತಕದ್ದೇ ಲೆಕ್ಕ. ಚರಿತ್ರೆ ಇನ್ನೂ ನಿಷ್ಕರುಣಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ, ಹೈದರನ ದಂಡಿನ ಎದುರು ಕಾದುತ್ತಿದ್ದ ಬ್ರಿಟಿಷ್ ಕರ್ನಲ್ ಬೇಯ್ಲಿಯ ಮದ್ದಿನ ಗಾಡಿಗಳು ಸಿಡಿದವು, ಅಲ್ಲಿಗೆ ಆ ದಂಡಿನ ಕತೆ ಮುಗಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಆ ಸ್ಫೋಟವನ್ನೂ ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿಯನ್ನೂ ನೋಡಬಹುದು. ಇತ್ತ 1799ರ ಮೇ 2ರಂದು ಬ್ರಿಟಿಷರ ಗುಂಡೊಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬಿದ್ದು ಅದೂ ಸಿಡಿಯಿತು. ಎರಡು ದಿನ ಬಿಟ್ಟು ಕೋಟೆ ಬಿತ್ತು. ನನ್ನ ಮೇಜಿನಲ್ಲಿ ಈಗ ಒಂದು ಕಟ್ಟಳೆ ಇದೆ: ಗುಹೆಗೆ ಇಳಿಯುವಾಗ ಪಂಜು ಹಿಡಿದವನೂ ಮದ್ದಿನ ಚೀಲ ಹೊತ್ತವನೂ ಯಾರು ಅಂತ ಮೊದಲೇ ಹೇಳಬೇಕು. ಒಮ್ಮೆ ಎರಡೂ ಒಬ್ಬನೇ ಆಗಿದ್ದ. ಆ ವಾರ ಆಟ ಬೇಗ ಮುಗಿಯಿತು.

ಬಾಣ ಅಂದೆ. ಇವು ಬಿಲ್ಲಿನ ಬಾಣ ಅಲ್ಲ, ಮೈಸೂರಿನ ರಾಕೆಟ್. ಕಬ್ಬಿಣದ ಕೊಳವೆಗೆ ಮದ್ದು ಜಡಿದು, ಉದ್ದ ಬಿದಿರು ಕಟ್ಟಿ ಹಾರಿಸುತ್ತಿದ್ದರು. ಬೇರೆ ಕಡೆ ಕಾಗದದ ಕೊಳವೆ ಬಳಸುತ್ತಿದ್ದರು, ಕಬ್ಬಿಣ ಜಾಸ್ತಿ ಒತ್ತಡ ತಡೆಯುತ್ತದೆ, ಹಾಗಾಗಿ ಇವು ಒಂದು ಕಿಲೋಮೀಟರಿಗೂ ಆಚೆ ಹೋಗುತ್ತಿದ್ದವು. ಸಿಕ್ಕಿದ ರಾಕೆಟ್‌ಗಳನ್ನು ಇಂಗ್ಲೆಂಡಿನ ವೂಲಿಚ್‌ಗೆ ಒಯ್ದರು, ವಿಲಿಯಂ ಕಾಂಗ್ರೀವ್ ಮಾಡಿದ ರಾಕೆಟ್‌ಗಳಿಗೆ ಅವೇ ಪ್ರೇರಣೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೇ ಬಿದನೂರಿನಲ್ಲಿ, ಒಂದು ಪಾಳುಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಬಾವಿಯೊಳಗೆ ಸಾವಿರ ರಾಕೆಟ್! ಡಂಜನ್, ಅಂದರೆ ಆಟದ ಗುಹೆ ನೆಲಮಾಳಿಗೆ, ಬರೆಯುವವನಿಗೆ ಇನ್ನೇನು ಬೇಕು ಹೇಳಿ. ಆಟದಲ್ಲಿ ರಾಕೆಟ್‌ಗೆ ಗುರಿ ಕೊಡಬೇಡಿ. ಒಂದು ಎಂಟು ಮುಖದ ದಾಳ ಉರುಳಿಸಿ, ಎಂಟು ದಿಕ್ಕಿನಲ್ಲಿ ಯಾವ ಕಡೆ ಬಂತೋ ಆ ಕಡೆ ವಾಲುತ್ತದೆ. ಅದರ ಕೆಲಸ ಕೊಲ್ಲುವುದಕ್ಕಿಂತ ಕುದುರೆ, ಆನೆ, ಎತ್ತುಗಳನ್ನು ಬೆದರಿಸಿ ಸಾಲು ಒಡೆಯುವುದು.

ಕೋವಿ ಬಂದ ಮೇಲೂ ಕತ್ತಿಯ ಶೂರರಿಗೆ ಜಾಗ ಇದೆಯಾ? ಚಿತ್ರದುರ್ಗದ ಕಿಂಡಿಯ ಮುಂದೆ ಹೋಗಿ ನಿಂತು ನೋಡಿ. ಒಬ್ಬೊಬ್ಬರೇ ನುಸುಳಬೇಕಾದ ಸಂದಿ. ಹೈದರನ ಸೈನಿಕರು ಅಲ್ಲಿಂದ ತಲೆ ಹೊರಹಾಕಿದಂತೆಲ್ಲ ಓಬವ್ವ ಒನಕೆಯಲ್ಲಿ ಬಡಿದಳು ಅನ್ನುವುದು ನಮಗೆಲ್ಲ ಗೊತ್ತಿರುವ ಕತೆ. ಇಕ್ಕಟ್ಟಿನಲ್ಲಿ ಕೋವಿ ಹೊರೆಯೇ. ತೆರೆದ ಬಯಲು ಕೋವಿಯದು, ಸಂದಿಗೊಂದಿ ಒನಕೆಯದು. ನಕ್ಷೆ ಬರೆಯುವಾಗ ಎರಡನ್ನೂ ಬೆರೆಸಿ. ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿದವರಿಗೆ ಇನ್ನೊಂದು ನಮೂನೆ ಗೊತ್ತು, 1792ರ ಸುಮಾರಿಗೆ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಆ ಆಕಾರ ಅಂದಕ್ಕೆ ಮಾಡಿದ್ದಲ್ಲ. ಪ್ರತಿ ಮೂಲೆಯಿಂದ ಪಕ್ಕದ ಗೋಡೆಯ ಬುಡಕ್ಕೆ ಗುಂಡು ಹೊಡೆಯಬಹುದು, ಏಣಿ ಇಡುವವನಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಮಧ್ಯದಲ್ಲಿ ನೆಲಮಾಳಿಗೆಯ ತಣ್ಣನೆ ಕೋಣೆಗಳಿವೆ. ನಾನು ಆ ನಕ್ಷೆಯನ್ನು ಹಾಗೇ ಎತ್ತಿ ಆಟಕ್ಕೆ ಹಾಕಿದೆ, ಏನೂ ಬದಲಾಯಿಸದೆ.

ಹೆಸರು ಇಡುವಾಗ ಕನ್ನಡವೇ ಸಹಾಯಕ್ಕೆ ಬರುತ್ತದೆ. ಕೋವಿ ಅಂದರೆ ಕೊಳವೆ, ನಮ್ಮದೇ ಮಾತು. ತುಪಾಕಿ ತುರ್ಕಿ ಕಡೆಯಿಂದ ಬಂತು, ಬಂದೂಕು ಅರಬ್ಬಿಯಿಂದ. ಫಿರಂಗಿ ಅಂದರೆ ಪರಂಗಿಯವನದು ಅಂತಲೇ. ನಾಲ್ಕು ಮಾತು, ನಾಲ್ಕು ದಾರಿ. ನನ್ನ ಲೋಕದಲ್ಲಿ ಪಾತ್ರವೊಂದು ಯಾವ ಮಾತು ಬಳಸುತ್ತದೆ ಅನ್ನುವುದರಲ್ಲೇ ಅವನು ಯಾರ ಹತ್ತಿರ ಕಲಿತ ಅಂತ ಗೊತ್ತಾಗುತ್ತದೆ. ಕೊಡಗಿನಂಥ ಒಂದು ಬೆಟ್ಟದ ನಾಡೂ ಇದೆ, ಅಲ್ಲಿ ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್‌ನ ಹಾಗೆ ವರ್ಷಕ್ಕೊಮ್ಮೆ ಕೋವಿಗೆ ಹೂವಿಟ್ಟು ಪೂಜೆ. ಆ ಜನರ ಕೋವಿ ಕದ್ದರೆ ಮನೆಯ ಮಗನನ್ನೇ ಕದ್ದ ಹಾಗೆ.

ಎರಡು ಕಡೆ ನಾನು ಕೈ ಹಿಂದಕ್ಕೆ ತೆಗೆದೆ. ತುಳುನಾಡಿನ ದೈವಗಳಿಗೆ ಜೀವದ ಅಂಕಿ ಬರೆದು ಗುಂಡು ಹೊಡೆಸಿಕೊಳ್ಳುವ ರಾಕ್ಷಸರನ್ನಾಗಿ ಮಾಡಲಿಲ್ಲ. ಅದು ಇವತ್ತೂ ಜನ ಕೈಮುಗಿಯುವ ಸಂಗತಿ. ಬದಲಿಗೆ ಸುಮ್ನೆ ದೆವ್ವ ಪಿಶಾಚಿ ತಂದೆ. ಕಬ್ಬಿಣ ಕಂಡರೆ ಪಿಶಾಚಿ ಹೆದರುತ್ತದೆ ಅನ್ನುವ ನಂಬಿಕೆ ಇದೆಯಲ್ಲ? ಕೋವಿಯ ಗುಂಡು ಮೆತ್ತನೆಯ ಸೀಸದ್ದು, ಪಿಶಾಚಿಗೆ ತಾಗುವುದಿಲ್ಲ. ಕಬ್ಬಿಣದ ಗುಂಡು ಹಾಕಿದರೆ ತಾಗುತ್ತದೆ, ಆದರೆ ಪ್ರತಿ ಸಲವೂ ನಳಿಗೆ ಗೀರಿ ಕೋವಿ ಹಾಳಾಗುತ್ತದೆ. ಇನ್ನೊಂದು, ಹೈದರ್, ಟಿಪ್ಪು, ಮದಕರಿ ಯಾರ ಹೆಸರನ್ನೂ ಆಟದಲ್ಲಿ ಇಡಲಿಲ್ಲ. ಮೊದಲು ಇಟ್ಟಿದ್ದೆ. ಮೇಜಿನ ಮೇಲೆ ದಾಳ ಬಿಟ್ಟು ಟಿವಿ ಚರ್ಚೆ ಶುರುವಾಯಿತು. ಹೆಸರು ಬದಲಾಯಿಸಿದೆ. ಮಳೆ, ಮದ್ದು, ಎತ್ತು, ಹೊಗೆ ಹಾಗೇ ಉಳಿದವು, ಯಾರೂ ತಕರಾರು ಮಾಡಲಿಲ್ಲ.

ಹೊಸದಾಗಿ ಆಡುವವರಿಗೆ ನನ್ನ ಮೊದಲ ವಾರದ ಶುರು ಹೀಗಿರುತ್ತದೆ, ಬೇಕಿದ್ದರೆ ಎತ್ತಿಕೊಳ್ಳಿ. ಉತ್ತರೆ ಮಳೆಯ ಕೊನೆ ದಿನಗಳು. ಆಯುಧಪೂಜೆಗೆ ಎಂಟು ದಿನ. ಘಟ್ಟದ ತಿರುವಿನಲ್ಲಿ ಆರು ಗಾಡಿ ಮದ್ದು ಕೆಸರಲ್ಲಿ ಹೂತಿವೆ. ಎರಡು ಎತ್ತು ಸತ್ತಿವೆ. ಕಾವಲಿಗೆ ನೀವು ನಾಲ್ಕು ಜನ, ಕೈಯಲ್ಲಿ ಒಂದೊಂದು ಈಡು. ಮೇಲಿನ ಊರಿನ ಮದ್ದುಕಾರ್ತಿ ಬಂದು ಕೇಳುತ್ತಾಳೆ: "ಅಪ್ಪಾ, ಕೇರಿಯ ತುಂಬಾ ಜ್ವರ. ಒಂದು ಪೀಪಾಯಿ ನನಗೆ ಬಿಟ್ಟುಕೊಡ್ರಿ." ಕೆಳಗಿನ ತಿರುವಿನಲ್ಲಿ ಯಾರೋ ಪಂಜು ಹಚ್ಚಿಕೊಂಡು ಬರುತ್ತಿದ್ದಾರೆ. ಏನು ಮಾಡ್ತೀರಿ?